ಹಾಡು ಕೇಳಲು ಬಂದ ಜನ

ರಾಯಚೂರಿನಿಂದ ಶಕ್ತಿನಗರದ ಕಡೆ ಹೋಗಿ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ನಮ್ಮ ಜಿಲ್ಲೆಯಲ್ಲಿ ತೆಲುಗು ತಿಳಿಯುವವರು ಬಹಳ. ಹಾಗಾಗಿ ನಕ್ಸಲ್ ಚಳವಳಿಯ ತೆಲುಗು ಹಾಡುಗಾರ ಗದ್ದರ್ ಅವರ ಹಾಡನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಗೆಜ್ಜೆ. ನಮ್ಮ ಕುರಿ ಕಾಯುವವರ ಹಾಗೆಯೇ ಕಾಣುತ್ತಿದ್ದರು.

ಅವರ ನಿಜ ಹೆಸರು ಗುಮ್ಮಡಿ ವಿಠಲ್ ರಾವ್. ಹುಟ್ಟಿದ್ದು 1949ರಲ್ಲಿ, ತೂಪ್ರಾನ್‌ನಲ್ಲಿ. ಕೆನರಾ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು ಕೆಲಸ ಬಿಟ್ಟು ಹಾಡಿಗೆ ಬಂದರು. ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದು, 1990ರಲ್ಲಿ ಹೈದರಾಬಾದಿನ ನಿಜಾಮ್ ಕಾಲೇಜು ಮೈದಾನದಲ್ಲಿ ಹಾಡಲು ನಿಂತಾಗ ಜನಸಾಗರವೇ ಸೇರಿತ್ತು. 1997ರ ಏಪ್ರಿಲ್‌ನಲ್ಲಿ ಯಾರೋ ಅವರ ಮನೆಗೇ ಬಂದು ಅವರ ಮೇಲೆ ಗುಂಡು ಹಾರಿಸಿದರು. ಒಂದು ಗುಂಡು ಕೊನೆಯವರೆಗೂ ಮೈಯಲ್ಲೇ ಉಳಿಯಿತು. ಆಮೇಲೂ ಹಾಡಿದರು. ತೆಲಂಗಾಣ ಬೇಕು ಅಂತ ಜನ ಬೀದಿಗೆ ಬಂದಾಗ ಅವರ ಹಾಡು ಊರೂರಲ್ಲಿ ಇತ್ತು.

ನಾನು ಸಿಂಧನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ಜಾತ್ರೆ, ಮದುವೆ, ಉರುಸು, ಚುನಾವಣೆ ಬಂದರೆ ಸಭೆ. ಪಕ್ಷ ಯಾವುದೇ ಇರಲಿ, ಸಭೆ ನಡೆಯುವ ರೀತಿ ಒಂದೇ. ನಾಲ್ಕಕ್ಕೆ ಅಂದ ನಾಯಕರು ಏಳಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಜನರನ್ನು ಕೂರಿಸುವುದು ಹಾಡುಗಾರರು. ಜನಪದ, ತತ್ವಪದ, ನಡುನಡುವೆ ಪಕ್ಷದ ಹಾಡು. ಕಾರು ಕಂಡ ಕೂಡಲೇ "ಸಾಕಪ್ಪ, ಇಳೀರಿ" ಅಂತ ಮೈಕ್ ಕಿತ್ತುಕೊಳ್ಳುತ್ತಾರೆ. ಪದ ಅರ್ಧಕ್ಕೇ ನಿಲ್ಲುತ್ತದೆ. ಭಾಷಣ ಶುರುವಾದ ಮೇಲೆ ಹಿಂದಿನ ಸಾಲಿನವರು ಎದ್ದು ಹೋಗುವುದನ್ನು ಆಂಪ್ಲಿಫೈಯರ್ ಪಕ್ಕ ಕೂತು ನೋಡುತ್ತಿರುತ್ತೇನೆ. ಜನ ಯಾರಿಗಾಗಿ ಬಂದಿದ್ದರು ಅಂತ ಇನ್ನೇನು ಹೇಳಬೇಕು?

ಗದ್ದರ್ ಮುಂದೆ ಯಾರೂ ಹೀಗೆ ಮೈಕ್ ಕಿತ್ತುಕೊಳ್ಳುವಂತಿರಲಿಲ್ಲ. ಅವರ ಹಾಡೇ ಸಭೆ. ನನಗೆ ದೊಡ್ಡದಾಗಿ ಕಾಣುವುದು ಇದೇ.

ಆಫ್ರಿಕಾದ ಉಗಾಂಡದಲ್ಲಿ ಬಾಬಿ ವೈನ್ ಅಂತ ಒಬ್ಬ ಗಾಯಕರಿದ್ದಾರೆ. ರಾಜಧಾನಿ ಕಂಪಾಲಾದ ಬಡವರ ಕೇರಿಯಲ್ಲಿ ಬೆಳೆದವರು. 2017ರ ಉಪಚುನಾವಣೆಯಲ್ಲಿ ಗೆದ್ದು ಸಂಸತ್ತಿಗೆ ಹೋದರು. ಸರ್ಕಾರ ಅವರ ಭಾಷಣಕ್ಕಷ್ಟೇ ಅಲ್ಲ, ಹಾಡಿಗೂ ಹೆದರಿತು. 2019ರ ಈಸ್ಟರ್ ಹೊತ್ತಿಗೆ ವಿಕ್ಟೋರಿಯಾ ಸರೋವರದ ದಡದಲ್ಲಿ, ಅವರದೇ ಜಾಗದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮವನ್ನು ಪೊಲೀಸರು ನಡೆಯಲು ಬಿಡಲಿಲ್ಲ. 1986ರಿಂದ ಕುರ್ಚಿ ಬಿಡದ ಅಧ್ಯಕ್ಷ ಮುಸೆವೆನಿ ಎದುರು 2021ರಲ್ಲಿ ಅವರು ನಿಂತಾಗ, ಸರ್ಕಾರಿ ಲೆಕ್ಕದಲ್ಲೇ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಮತ ಬಿತ್ತು.

ಹಾಡು ಕೇಳಿದವರೆಲ್ಲ ಮತ ಹಾಕುತ್ತಾರೆ ಅಂತೇನಿಲ್ಲ. ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ 1967ರಲ್ಲಿ ಪಕ್ಷೇತರರಾಗಿ ಶಾಸಕರಾದರು, 2004ರಲ್ಲಿ ಗುವಾಹಟಿ ಲೋಕಸಭೆಗೆ ನಿಂತು ಸೋತರು. ಮಧ್ಯ ಅಮೆರಿಕದ ಪನಾಮಾ ದೇಶದ ಗಾಯಕ ರೂಬೆನ್ ಬ್ಲೇಡ್ಸ್ 1994ರಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಮೂರನೆಯವರಾದರು. ನಮ್ಮ ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಇಳಿದು ಇಡೀ ನಾಡನ್ನು ಎಬ್ಬಿಸಿದರು, ಚುನಾವಣೆಗೆ ಮಾತ್ರ ನಿಲ್ಲಲಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಗದ್ದರ್ ಕೂಡ ಬಹಳ ಕಾಲ ಮತವನ್ನೇ ಹಾಕದೆ, 2018ರಲ್ಲಿ ಮೊದಲ ಸಲ ಹಾಕಿದರು. 2023ರಲ್ಲಿ ಪಕ್ಷ ಕಟ್ಟುತ್ತೇನೆ ಅಂದರು. ಆಗಸ್ಟ್ 6ಕ್ಕೆ ತೀರಿಹೋದರು. ಯಾವ ಸರ್ಕಾರಗಳನ್ನು ಜೀವನವಿಡೀ ಪ್ರಶ್ನಿಸಿದ್ದರೋ ಅದೇ ಸರ್ಕಾರಿ ಗೌರವದಲ್ಲಿ ಅಂತ್ಯಕ್ರಿಯೆ ಆಯಿತು. ಈಗ ತೆಲಂಗಾಣದ ಸಿನಿಮಾ ಪ್ರಶಸ್ತಿಗೂ ಅವರದೇ ಹೆಸರು.

ಸತ್ತ ಮೇಲೆ ಹೆಸರಿಡುವುದು ಸುಲಭ. ನಮ್ಮ ತಾಲ್ಲೂಕಿನಲ್ಲಿ ತಂಬೂರಿ, ದಪ್ಪು ಹಿಡಿದು ಬದುಕುವವರು ಇದ್ದಾರಲ್ಲ, ಅವರ ಗತಿ ಏನು? ಸಭೆಗೆ ಸೆಟ್ ಕೇಳಲು ಬಂದವರಿಗೆ ನಾನು ಈಗ ಎರಡು ಮಾತು ಹೇಳುತ್ತೇನೆ. ಹಾಡುಗಾರರ ಹಣ ಅವರು ವೇದಿಕೆ ಹತ್ತುವ ಮೊದಲೇ ಕೊಡಿ. ಕರಪತ್ರದಲ್ಲಿ ಅವರ ಹೆಸರು ಹಾಕಿಸಿ. ಮೊದಲನೆಯದಕ್ಕೆ ಕೆಲವರು ಹೂಂ ಅಂದಿದ್ದಾರೆ. ಎರಡನೆಯದಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ನಾನಂತೂ ಕೇಳುವುದನ್ನು ಬಿಡುವುದಿಲ್ಲ.