ಬಿಸಿಯೂಟದ ಹೊತ್ತಲ್ಲಿ ಟೀಚರ್ ಊಟ

ನಮ್ಮ ವೇಳಾಪಟ್ಟಿಯಲ್ಲಿ ಮಧ್ಯಾಹ್ನಕ್ಕೆ ‘ಊಟದ ವಿರಾಮ’ ಅಂತ ಬರೆದಿದೆ. ವಿರಾಮ ಮಕ್ಕಳದು. ಟೀಚರ್‌ಗಳಿಗೆ ಇಡೀ ದಿನದಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ಪೀರಿಯಡ್ ಅದೇ. ನಾನಿರುವುದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದನೇ ತರಗತಿ, ಮೂವರು ಶಿಕ್ಷಕರು, ಇಬ್ಬರು ಅಡುಗೆಯವರು. ನಲಿಕಲಿ, ಅಂದರೆ ಒಂದರಿಂದ ಮೂರನೇ ತರಗತಿಯವರ ಚಟುವಟಿಕೆ ಕಲಿಕೆ, ನನ್ನ ಪಾಲಿಗೆ.

ಬೆಲ್ ಹೊಡೆಯುವ ಮುಂಚೆಯೇ ಕೆಲಸ ಶುರು. ಮಕ್ಕಳಿಗೆ ಬಡಿಸುವ ಮೊದಲು ನಮ್ಮಲ್ಲೊಬ್ಬರು ಅನ್ನ ಸಾಂಬಾರು ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಸೇರಿದ್ದ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅದು ನೆನಪಿರುವ ಯಾರೂ ಈ ಕೆಲಸದಲ್ಲಿ ಉದಾಸೀನ ಮಾಡುವುದಿಲ್ಲ. ಆದರೆ ಆ ಎರಡು ತುತ್ತನ್ನೇ ‘ಟೀಚರ್ ಊಟ ಆಯ್ತಲ್ಲ’ ಅನ್ನುವವರಿಗೆ ಏನು ಹೇಳೋಣ?

ಮೊಟ್ಟೆ ಕೊಡುವ ದಿನವಂತೂ ಕೇಳಲೇಬೇಡಿ. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ಗುರುತು ಹಾಕಿಕೊಳ್ಳಬೇಕು. ಒಂದನೇ ತರಗತಿಯವಕ್ಕೆ ಸುಲಿಯಲು ಬರುವುದಿಲ್ಲ. ಸಿಪ್ಪೆಯ ಜೊತೆ ಬಿಳಿಯದನ್ನೂ ಕಿತ್ತು, ಬರೀ ಹಳದಿ ಉಂಡೆ ಹಿಡಿದುಕೊಂಡು ಅಳುಮುಖ ಮಾಡಿಕೊಂಡು ಬರುತ್ತವೆ. ಉಳಿದವು ‘ಮಿಸ್, ಸುಲ್ದ್ ಕೊಡಿ’ ಅಂತ ಸಾಲು ನಿಲ್ಲುತ್ತವೆ. ಅಷ್ಟರಲ್ಲಿ ನಲ್ಲಿ ಹತ್ತಿರ ತಟ್ಟೆ ತೊಳೆಯುವ ಜಗಳ. ಜೊತೆಗೆ ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ ಫೋನು: ‘ಮೇಡಂ, ಇವತ್ತು ಉಂಡವರ ಸಂಖ್ಯೆ ಗ್ರೂಪಿಗೆ ಇನ್ನೂ ಬಂದಿಲ್ಲ.’ ಡಬ್ಬಿ ಬಿಚ್ಚುವ ಹೊತ್ತಿಗೆ ಬೆಲ್ಲಿಗೆ ಐದು ನಿಮಿಷ. ನಿಂತೇ ನಾಲ್ಕು ತುತ್ತು ನುಂಗಿ ತರಗತಿಗೆ. ಬಾತ್‌ರೂಮಿಗೆ ಹೋಗಲು ಸಮಯ ಸಿಗದು ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಉರಿಮೂತ್ರ ಬರಿಸಿಕೊಂಡ ಹೆಂಗಸರು ನಮ್ಮಲ್ಲಿ ಕಡಿಮೆಯೇನಿಲ್ಲ. ಇದನ್ನು ಯಾವ ಸಭೆಯಲ್ಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕಾರ್ಮಿಕರನ್ನು ಕನಿಷ್ಠ ಅರ್ಧ ಗಂಟೆ ಬಿಡುವು ಕೊಡದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ; 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ನಾವು ಆ ಕಾಯ್ದೆಯ ವ್ಯಾಪ್ತಿಯಲ್ಲಿರಲೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪಾಠದ ತಯಾರಿಯೂ ಸೇರಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಅನ್ನುತ್ತದೆ. ಊಟದ ಸುದ್ದಿ ಎತ್ತುವುದಿಲ್ಲ.

ಆದೇಶಕ್ಕೆ ಕಾಯುತ್ತ ಕೂತರೆ ಆಗುವುದಲ್ಲ ಅಂತ ನಾವೇ ಪಾಳಿ ಮಾಡಿಕೊಂಡೆವು. ಬಡಿಸುವ ಹೊತ್ತಲ್ಲಿ ಇಬ್ಬರು ಮಕ್ಕಳ ಹತ್ತಿರ, ಒಬ್ಬರು ಒಳಗೆ ಊಟಕ್ಕೆ. ಮಕ್ಕಳ ಊಟ ಮುಗಿದ ಮೇಲೆ ಉಂಡವರು ಮೈದಾನಕ್ಕೆ, ಉಳಿದಿಬ್ಬರು ಒಳಕ್ಕೆ. ಯಾರು ಮೊದಲು ಅನ್ನುವುದು ವಾರ ವಾರ ಬದಲು. ಮೊಟ್ಟೆ-ಹಣ್ಣಿನ ಗುರುತು ಬೆಳಗಿನ ಹಾಜರಿಯ ಜೊತೆಗೇ ಮುಗಿಯುತ್ತದೆ. ಸುಲಿಯುವುದಕ್ಕೆ ಐದನೇ ತರಗತಿಯವರು ಚಿಕ್ಕವರ ಪಕ್ಕ ಕೂರುತ್ತಾರೆ, ಬಲು ಜಂಬದಿಂದ. ಬಿಸಿ ಸಾಂಬಾರಿನ ಪಾತ್ರೆ ಮಾತ್ರ ಮಕ್ಕಳ ಕೈಗೆ ಕೊಡುವುದಿಲ್ಲ. ಸಂಖ್ಯೆ ಊಟವಾದ ಮೇಲೆಯೇ ಗ್ರೂಪಿಗೆ. ಇಷ್ಟಕ್ಕೂ ಮಿಗಿಲಾದ ಕಟ್ಟಳೆ ಒಂದಿದೆ: ಊಟಕ್ಕೆ ಕೂತವರನ್ನು ಯಾರೂ ಕರೆಯುವಂತಿಲ್ಲ. ನಡುನಡುವೆ ಎದ್ದು ಓಡುವ ಮುಕ್ಕಾಲು ಗಂಟೆಗಿಂತ, ಕದಲದೆ ಕೂತ ಇಪ್ಪತ್ತು ನಿಮಿಷವೇ ವಾಸಿ.

ಮುಖ್ಯ ಶಿಕ್ಷಕರು ಮೊದಲು ಒಪ್ಪಲಿಲ್ಲ. ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ಯಾರದಮ್ಮ?’ ಅಂದರು. ‘ಇಲ್ಲಿವರೆಗೂ ಮೂವರೂ ಅಲ್ಲೇ ಇರ್ತಿದ್ವಲ್ಲ ಸರ್, ಆಗ ಯಾರದಾಗಿತ್ತು?’ ಅಂತ ಕೇಳಿದೆ. ಮೂವರೂ ಇದ್ದಾಗ ಒಬ್ಬರು ನೋಡಿಕೊಳ್ಳುತ್ತಾರೆ ಅಂತ ಇನ್ನೊಬ್ಬರು ಅಂದುಕೊಳ್ಳುವುದೇ ಹೆಚ್ಚು. ಈಗ ಯಾವ ಹೊತ್ತಿಗೆ ಯಾರು ಅಂತ ಬೋರ್ಡಿನ ಮೂಲೆಯಲ್ಲಿ ಹೆಸರಿರುತ್ತದೆ. ಮಕ್ಕಳಿಗೂ ಗೊತ್ತು: ‘ಮಿಸ್ ಉಣ್ತಾವ್ರೆ, ಸರ್ ಹತ್ರ ಹೇಳು.’

ಮಕ್ಕಳ ಜೊತೆ ಕೂತು ಉಣ್ಣಬಾರದೇ ಅಂತ ಕೇಳುವವರಿದ್ದಾರೆ. ಉಣ್ಣಬಹುದು, ಮನಸ್ಸು ಬಂದ ದಿನ ನಾನೂ ಉಣ್ಣುತ್ತೇನೆ. ಆದರೆ ಅದು ಕೆಲಸವೇ, ಬಿಡುವಲ್ಲ.

ನಮ್ಮಲ್ಲೊಬ್ಬರು ತರಬೇತಿಗೆ ಹೋದರೆ ಈ ಏರ್ಪಾಡು ಅರ್ಧಕ್ಕರ್ಧ ಕುಸಿಯುತ್ತದೆ. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಇದು ಯಾವ ಉಪಯೋಗಕ್ಕೂ ಬರದು. ಅಂಥ ಕಡೆ ಊಟದ ಹೊತ್ತಿಗಾದರೂ ಇನ್ನೊಬ್ಬರನ್ನು ಇಲಾಖೆಯೇ ಸಂಬಳ ಕೊಟ್ಟು ನೇಮಿಸಬೇಕು. ಎಸ್‌ಡಿಎಂಸಿಯ (ಪೋಷಕರಿರುವ ಶಾಲಾ ಸಮಿತಿಯ) ತಾಯಂದಿರನ್ನು ಪುಕ್ಕಟೆ ಕರೆಯುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಅವರಿಗೂ ಅದು ಕೂಲಿಗೆ ಹೋಗುವ ಹೊತ್ತು.