ಒಂದು ಲೆಕ್ಕ, ಮೂರು ಧಾಟಿ

ಮೇಷ್ಟ್ರು ಎಷ್ಟು ಸಲ ಧಾಟಿ ಬದಲಿಸಬೇಕಾಗುತ್ತದೆ ಎಂದು ತಿಳಿಯಲು ಭಿನ್ನರಾಶಿಯ ಒಂದೇ ಒಂದು ಪೀರಿಯಡ್ ಸಾಕು. ಹಲಗೆಯ ಮೇಲೆ 1/2 + 1/3 ಬರೆದು, ಏನೂ ವಿವರಿಸದೆ ಐದು ನಿಮಿಷ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಬೆಂಚುಗಳ ನಡುವೆ ಓಡಾಡಿ. ಒಂದು ಪುಸ್ತಕದಲ್ಲಿ 2/5, ಇನ್ನೊಂದರಲ್ಲಿ 5/6, ಮತ್ತೊಂದರಲ್ಲಿ ಬರೀ ಪ್ರಶ್ನೆ. ಮೂವರಿಗೂ ಒಂದೇ ವಿವರಣೆ ಕೊಟ್ಟರೆ ಇಬ್ಬರಿಗಂತೂ ಅದು ದಂಡ.

2/5 ಬರೆದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಗೀಟು ಹೊಡೆದು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹೇಳಿಕೊಟ್ಟರೆ ಇವತ್ತಿನ ಲೆಕ್ಕ ಸರಿಹೋಗುತ್ತದೆ, ಆದರೆ ತಲೆಯೊಳಗಿನ ನಿಯಮ ಅಲುಗಾಡುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅದೇ ತಪ್ಪು ಹಾಜರ್. ಇಲ್ಲಿ ವಿವರಣೆಗಿಂತ ಪ್ರಶ್ನೆ ವಾಸಿ. “2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?” ಕಡಿಮೆ. “ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಅರ್ಧಕ್ಕಿಂತ ಕಡಿಮೆ ಹೇಗಾಯ್ತು?” ಅಷ್ಟು ಕೇಳಿ 12 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕೈಗೆ ಕೊಡಿ. ಅರ್ಧ 6, ಮೂರನೇ ಒಂದು 4, ಕೂಡಿದರೆ 10. 12ರಲ್ಲಿ 10 ಅಂದರೆ 5/6. ಪಟ್ಟಿ 10 ಸೆಂ.ಮೀ. ಇದ್ದರೆ ಕೆಟ್ಟಿತು: ಮೂರನೇ ಒಂದು ಭಾಗ 3.3ರ ಆಚೆ ಎಲ್ಲೋ ಬಿದ್ದು, ಸ್ಕೇಲಿನ ಗೆರೆ ಹುಡುಕುವುದರಲ್ಲೇ ಗಂಟೆ ಬಾರಿಸುತ್ತದೆ.

ಏನೂ ಬರೆಯದ ಮಗುವಿನ ಹತ್ತಿರ ದನಿ ತಗ್ಗಬೇಕು, ಕಣ್ಣು ಮುಖದ ಮೇಲಲ್ಲ, ಪುಸ್ತಕದ ಮೇಲಿರಬೇಕು. ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪಾಠಗಳ ಧ್ವನಿಮುದ್ರಣ ಪರಿಶೀಲಿಸಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದುದು ಕಂಡಿತು. 3 ಸೆಕೆಂಡ್ ದಾಟಿದರೆ ಉತ್ತರಗಳು ಉದ್ದವಾಗುತ್ತಿದ್ದವು, ಮೌನ ಕಡಿಮೆಯಾಗುತ್ತಿತ್ತು. ಮೂರು ಸೆಕೆಂಡ್ ಕೇಳಲು ಏನೂ ಅಲ್ಲ. ತರಗತಿ ಮುಂದೆ ನಿಂತವರಿಗೆ ಅದು ಯುಗ. ಮನಸ್ಸಿನಲ್ಲೇ ಎಣಿಸದಿದ್ದರೆ ಬಾಯಿ ತಾನಾಗಿ ತೆರೆದು ಉತ್ತರ ಉದುರಿಸಿಬಿಡುತ್ತದೆ.

5/6 ಬರೆದವರಿಗೆ ಹಂತಹಂತದ ವಿವರಣೆ ಹೊರೆಯೇ. “ಮೊತ್ತ 5/6 ಬರುವ ಬೇರೆ ಎರಡು ಭಿನ್ನರಾಶಿ ಹುಡುಕು” ಅಂದು ಮುಂದೆ ನಡೆಯಿರಿ.

ಧಾಟಿ ಬದಲಿಸಬೇಕು ಅಂದ ಮಾತ್ರಕ್ಕೆ ಗಂಭೀರ ಸ್ವಭಾವದ ಮೇಷ್ಟ್ರು ಜೋಕು ಕಲಿಯಬೇಕಿಲ್ಲ. ಬಲವಂತದ ಹಾಸ್ಯವನ್ನು ಮಕ್ಕಳು ಕ್ಷಣದಲ್ಲಿ ಪತ್ತೆಹಚ್ಚುತ್ತಾರೆ. ಬದಲಾಗಬೇಕಾದ್ದು ವೇಗ, ದನಿ, ನಿಂತ ದೂರ, ಪ್ರಶ್ನೆಯ ಕ್ರಮ. ವಾಚಾಳಿಗಳು ಮಾತ್ರ ಒಂದನ್ನು ಪೂರ್ತಿ ಬಿಡಬೇಕು: ಕುಚೋದ್ಯ. ಸಲಿಗೆಯ ಹುಡುಗ ನಗುತ್ತಾನೆ, ಪಕ್ಕದವನು ವರ್ಷವಿಡೀ ಕೈ ಎತ್ತುವುದಿಲ್ಲ. ಧಾಟಿ ಬೇರೆಬೇರೆಯಾದರೂ ತರಗತಿಯ ಶಿಸ್ತಿನ ನಿಯಮ ಎಲ್ಲರಿಗೂ ಒಂದೇ ಇರಲಿ.

“ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು” ಎಂಬ ವಿಂಗಡಣೆ ತರಬೇತಿಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಎಂಬುದಕ್ಕೆ ತಕ್ಕ ಆಧಾರ ಸಿಗಲಿಲ್ಲ. ನೋಡಬೇಕಾದ್ದು ಮಗುವಿಗೆ ಈಗಾಗಲೇ ಏನು ಗೊತ್ತು ಎಂಬುದನ್ನು.

ಕೊಟ್ಟ ಆಸರೆ ತೆಗೆಯುವುದು ಹೆಚ್ಚಿನವರಿಗೆ ಮರೆತುಹೋಗುತ್ತದೆ. ಮೊದಲ ಲೆಕ್ಕ ಪೂರ್ತಿ ಬಿಡಿಸಿ ಕೊಡಿ, ಎರಡನೆಯದರಲ್ಲಿ ಕೊನೆಯ ಹಂತ ಖಾಲಿ, ಮೂರನೆಯದರಲ್ಲಿ ಕೊನೆಯ ಎರಡು. ನಾಲ್ಕನೆಯದಕ್ಕೆ ಬರೀ ಪ್ರಶ್ನೆ, ಕಾಗದದ ಪಟ್ಟಿ ನಿಮ್ಮ ಮೇಜಿನ ಮೇಲೆ. ಆಗಲೂ ಯಾರಾದರೂ ಎದ್ದು ಬಂದು ತೆಗೆದುಕೊಂಡರೆ ತಡೆಯಬೇಡಿ, ಯಾರೆಂದು ಗುರುತು ಹಾಕಿಕೊಳ್ಳಿ. ನಾಳೆ ಮೊದಲು ನಿಲ್ಲಬೇಕಾದ್ದು ಆ ಬೆಂಚಿನ ಹತ್ತಿರ.