ಡಾಂಗೆ ಚೌಕದಲ್ಲಿ ತೊಗರಿ ಲೆಕ್ಕ

ಬೆಳಿಗ್ಗೆ ಏಳೂವರೆಗೆ ಡಾಂಗೆ ಚೌಕದ ಮಜೂರ ಅಡ್ಡಾದಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾಯುವ ಜಾಗದಲ್ಲಿ, ನಿಂತರೆ ಮರಾಠಿಯ ಜೊತೆಗೆ ಕಲಬುರಗಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಪುಣೆಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಸಾಲದ ಸಮೀಕ್ಷೆಗೆ ಅದೇ ಅನುಕೂಲ. ಮರಾಠಿಯಲ್ಲಿ ಕೇಳಿದರೆ ‘ಕಾಯ್ ನಾಯ್’ (ಏನಿಲ್ಲ) ಎಂದು ಜಾರಿಕೊಳ್ಳುವವರು ಧಾರವಾಡದ ದನಿ ಕೇಳಿದರೆ ಬುತ್ತಿ ಪಕ್ಕಕ್ಕಿಟ್ಟು ಮಾತಿಗೆ ಕೂರುತ್ತಾರೆ.

ಆವತ್ತು ಸಿಕ್ಕಾಕೆ ಜೇವರ್ಗಿ ಕಡೆಯವಳು. ಮೂರು ಎಕರೆ ತೊಗರಿ, ಊರಲ್ಲಿ ಅತ್ತೆ, ಸಂಘದ ಸಾಲ. ಸಾಲದ ಕಾರ್ಡಿನ ಫೋಟೊ ಫೋನಿನಲ್ಲಿತ್ತು: ವಾರಕ್ಕೊಂದು ಕಂತು, ಕಂತಿಗೊಂದು ಸಹಿ, ಕೊನೆಯ ಎರಡು ಸಹಿಯ ಜಾಗ ಖಾಲಿ. ಮಂಗಳವಾರ ಕಂತು ಅಂದರೆ ಸೋಮವಾರ ರಾತ್ರಿ ಇಲ್ಲಿಂದ ಫೋನ್‌ಪೇ ಆಗಬೇಕು. ತಪ್ಪಿದರೆ ಭಾರ ಗುಂಪಿನ ಉಳಿದ ಹೆಂಗಸರ ಮೇಲೆ. ಅವರು ಬಂದು ಅತ್ತೆಯ ಮುಂದೆ ಕೂರುತ್ತಾರೆ. ಇಂಥ ಸಾಲ ಕೊಡುವ ಕಂಪನಿಗಳು ಮುಂಬೈಯ ಬ್ಯಾಂಕುಗಳಿಂದ, ವಿದೇಶಿ ಹೂಡಿಕೆದಾರರಿಂದ ಹಣ ಎತ್ತುವ ಬಗೆಯನ್ನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆ ಪಾಠದಲ್ಲಿ ಅತ್ತೆ ಎಲ್ಲೂ ಬರುವುದಿಲ್ಲ.

ಇದೇ ಜಿಲ್ಲೆಯ ಸುಪೆಯಲ್ಲಿ 1875ರಲ್ಲಿ ರೈತರು ಸಾವಕಾರರ ಮೇಲೆ ಏರಿಹೋಗಿ ಸಾಲಪತ್ರ ಸುಟ್ಟಿದ್ದರು. ಅಮೆರಿಕದ ಅಂತರ್ಯುದ್ಧದ ವೇಳೆ ಏರಿದ್ದ ಹತ್ತಿ ದರ ಯುದ್ಧ ಮುಗಿದ ಮೇಲೆ ಕುಸಿದಿತ್ತು, ಸಾಲ ಮಾತ್ರ ಉಳಿದಿತ್ತು. ಈಕೆಯ ಸಾಲಕ್ಕೆ ಸುಟ್ಟರೆ ತೀರುವ ಕಾಗದವೂ ಇಲ್ಲ, ಏರಿಹೋಗಲು ಮನೆಯೂ ಇಲ್ಲ.

“ಬೆಳಿ ಚಲೋನೇ ಬಂದಿತ್ರೀ, ರೇಟ ಬಿತ್ತು. ಹೊರದೇಶದ ತೊಗರಿ ಬಂದದಂತ. ಖರೇನ್ರಿ?”

ಖರೆ ಎಂದೆ. ಮ್ಯಾನ್ಮಾರ್, ಮೊಜಾಂಬಿಕ್ ಹೆಸರು ಹೇಳಿದೆ, 2021ರ ಮೇನಲ್ಲಿ ಆಮದಿನ ಮಿತಿ ತೆಗೆದದ್ದನ್ನೂ ಹೇಳಿದೆ.

“ಆ ಊರವ್ರಿಗರೆ ಚಲೋ ರೇಟ ಸಿಗ್ತದೇನ್ರಿ?”

ಯಾವ ಸೆಮಿನಾರಿನಲ್ಲೂ ನನಗೆ ಯಾರೂ ಇದನ್ನು ಕೇಳಿಲ್ಲ. ಮೊಜಾಂಬಿಕ್‌ನಲ್ಲಿ ಬೆಳೆಯುವವರೂ ಸಣ್ಣ ರೈತರೇ. ಬಹುಪಾಲು ನಮಗೆ ಮಾರಲೆಂದೇ ಬೆಳೆಯುತ್ತಾರೆ. 2016ರಲ್ಲಿ ಕೊಳ್ಳುತ್ತೇವೆಂದು ಭಾರತ ಒಪ್ಪಂದ ಮಾಡಿಕೊಂಡಿತು. ಮರುವರ್ಷ ನಮ್ಮಲ್ಲೇ ಫಸಲು ಉಕ್ಕಿ ಬಂದು, ಸರ್ಕಾರ ಆಮದಿಗೆ ಮಿತಿ ಹಾಕಿದಾಗ ಅಲ್ಲಿನ ದರ ನೆಲಕಚ್ಚಿತು. ಅಷ್ಟನ್ನೂ ಹೇಳಿದೆ.

“ಹಂಗಾರ ನಡಕಿನ ರೊಕ್ಕ ಯಾರ ತಿಂದ್ರಿ?”

ಬಾಯಿ ತೆರೆಯುವಷ್ಟರಲ್ಲಿ ಟೆಂಪೊ ಬಂತು. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ದಿನಕ್ಕೆ ಐನೂರು ಎಂದ. ಆಕೆ ಏಳಲಿಲ್ಲ. ಆರುನೂರಕ್ಕೆ ಕಮ್ಮಿ ಬರೋದಿಲ್ಲವೆಂದು ಮರಾಠಿಯಲ್ಲೇ ಹೇಳಿದಳು. ಅವನು ಐನೂರೈವತ್ತಕ್ಕೆ ಬಂದ.

“ನಿಮ್ದು ಬರಕೋರಿ ನೀವು,” ಎಂದಳು ನನಗೆ, “ಇನ್ನೊಂದ ಗಾಡಿ ಬರ್ತದ.”